ಲೆಕ್ಕಕ್ಕಿಲ್ಲದ ವಿಷಯ

ನಮಗೆ ಸಿಗುವ ಗೌರವದಲ್ಲಿ ನಮ್ಮ ಸ್ವಂತದ್ದು ಎಷ್ಟು, ಪರೀಕ್ಷೆಯ ದಯೆಯಿಂದ ಬಂದದ್ದು ಎಷ್ಟು ಎಂದು ಟೀಚರಾದವರು ಯಾರೂ ಬಿಡಿಸಿ ನೋಡಬಾರದು. ನಾನೂ ನೋಡಿರಲಿಲ್ಲ. ಕೊಪ್ಪದಿಂದ ದಿನಾ ಬಸ್ಸಿನಲ್ಲಿ ಬಾಳೆಹೊನ್ನೂರಿನ ಆಚೆಯ ಹೈಸ್ಕೂಲಿಗೆ ಹೋಗಿ ಹಿಂದಿ ಕಲಿಸುತ್ತೇನೆ. ನಾನು ತರಗತಿಯ ಬಾಗಿಲಿಗೆ ಬಂದೊಡನೆ ಮಕ್ಕಳು ಸುಮ್ಮನಾಗುವುದು ನನ್ನ ವ್ಯಕ್ತಿತ್ವದ ಪ್ರಭಾವದಿಂದ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಅದು ಹಾಗಲ್ಲ ಎಂದು ತಿಳಿಸಲು ಕೊನೆಗೆ ಸರ್ಕಾರವೇ ಬರಬೇಕಾಯಿತು.

ಎಸ್ಸೆಸ್ಸೆಲ್ಸಿಗೆ ಹೊಸ ನಿಯಮ ಬಂದಿದೆ ಎಂದು ನಮ್ಮ ಹೆಡ್‌ಮಿಸ್ಸು ಸ್ಟಾಫ್ ರೂಮಿನಲ್ಲಿ ಆದೇಶವನ್ನು ಓದಿದರು. ಮೂರನೇ ಭಾಷೆಗೆ ಇನ್ನು ಗ್ರೇಡ್ ಮಾತ್ರ. ಒಟ್ಟು ಅಂಕಕ್ಕೆ ಅದು ಸೇರುವುದಿಲ್ಲ, ಅದರಲ್ಲಿ ಯಾರೂ ಫೇಲಾಗುವುದಿಲ್ಲ. ನಮ್ಮಲ್ಲಿ ಮೂರನೇ ಭಾಷೆ ಎಂದರೆ ಹಿಂದಿ, ಹಿಂದಿ ಎಂದರೆ ನಾನು. ಎಲ್ಲರೂ ನನ್ನ ಕಡೆ ನೋಡಿದರು, ಸಾವಿನ ಮನೆಗೆ ಬಂದವರು ನೋಡುವ ಹಾಗೆ. ಗಣಿತದ ಶ್ರೀಧರ ಮೇಷ್ಟ್ರು ಮಾತ್ರ, "ನಿಮಗೆ ಇನ್ನು ಆರಾಮ ಬಿಡಿ ಮಾರಾಯ್ರೆ. ನಮ್ಮ ಹಣೆಬರಹ ನೋಡಿ," ಎಂದು ಸಮಾಧಾನ ಹೇಳಿದರು.

ಆರಾಮ ಹೇಗಿತ್ತೆಂದರೆ, ಮರುದಿನ ಹತ್ತನೇ ತರಗತಿಯಲ್ಲಿ ಲಿಂಗ ಪಾಠ ಮಾಡುತ್ತಿದ್ದೆ. ಹಿಂದಿಯಲ್ಲಿ ಅನ್ನ ಗಂಡು, ಬೇಳೆ ಹೆಣ್ಣು. ಯಾಕೆಂದು ಕೇಳಿದರೆ ನನಗೂ ಗೊತ್ತಿಲ್ಲ. ಮುಂದಿನ ಬೆಂಚಿನ ಸುಚಿತ್ರಾ, ಶೆಟ್ಟಿಕೊಪ್ಪದಿಂದ ಬರುವ ಚುರುಕು ಹುಡುಗಿ, ಎದ್ದು ನಿಂತಳು. "ಟೀಚರ್, ಎರಡನ್ನೂ ಕಲಸಿದ್ರೆ ಎಂತ ಆಗ್ತದೆ?"

"ಖಿಚಡಿ. ಅದು ಹೆಣ್ಣು," ಎಂದೆ.

ಮಕ್ಕಳು ನಕ್ಕರು. ನನಗೂ ಹುರುಪು ಬಂತು, ಬೋರ್ಡಿನ ಮೇಲೆ ಇನ್ನಷ್ಟು ಬರೆದೆ. ತಿರುಗಿ ನೋಡಿದರೆ ಅದೇ ಸುಚಿತ್ರಾ ಗಣಿತದ ಹೋಮ್‌ವರ್ಕ್ ಮಾಡುತ್ತಿದ್ದಳು. ಕೇಳಿದ್ದಕ್ಕೆ ಒಂದಿಷ್ಟೂ ಅಳುಕದೆ, "ಹಿಂದಿಗೆ ಗ್ರೇಡ್ ಅಷ್ಟೇ ಅಲ್ವಾ ಟೀಚರ್?" ಎಂದಳು. ಧ್ವನಿಯಲ್ಲಿ ಉದ್ಧಟತನವಿದ್ದಿದ್ದರೆ ಬೈಯಬಹುದಿತ್ತು. ಇದ್ದದ್ದು ಬರೀ ವಿವೇಕ.

ಆಮೇಲೆ ಶ್ರೀಧರ ಮೇಷ್ಟ್ರು ಬಂದು, "ಒಂದೇ ಒಂದು ಪೀರಿಯಡ್ ಕೊಡಿ ಮೇಡಂ, ತ್ರಿಕೋನಮಿತಿ ಮುಗೀಲಿಲ್ಲ," ಎಂದರು. ಕೊಟ್ಟೆ. ಅದನ್ನು ನೋಡಿ ವಿಜ್ಞಾನದವರು ಬಂದರು. ಅವರ ಹಿಂದೆ ಸಮಾಜದವರು ಬಂದರು. ಕೆಲವೇ ದಿನಗಳಲ್ಲಿ ಕೇಳುವ ಶಾಸ್ತ್ರವೂ ನಿಂತುಹೋಗಿ, ನಾನು ಪುಸ್ತಕ ಹಿಡಿದು ಹೋಗುವಷ್ಟರಲ್ಲಿ ಒಳಗೆ ಯಾರಾದರೊಬ್ಬರು ಪಾಠ ಶುರುಮಾಡಿಬಿಟ್ಟಿರುತ್ತಿದ್ದರು. ನಾನು ಸ್ಟಾಫ್ ರೂಮಿಗೆ ಮರಳಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆ. ಇಂಥ ಟೀಚರುಗಳನ್ನು ಹೆಚ್ಚುವರಿ ಎಂದು ಬೇರೆ ಊರಿಗೆ ಕಳಿಸುತ್ತಾರಂತೆ ಎಂಬ ಗುಸುಗುಸು ಬೇರೆ. ಖಾಲಿ ಕೂತು ಇಷ್ಟು ದಣಿವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ತಡೆಯಲಾಗದೆ ಹೆಡ್‌ಮಿಸ್ಸಿನ ಹತ್ತಿರ ಹೋದೆ. "ಅಂಕ ಇಲ್ಲ ಅಂದ ಮಾತ್ರಕ್ಕೆ ಒಂದು ಭಾಷೆ ಬೇಡವಾಗ್ತದಾ ಮೇಡಂ? ಮಕ್ಕಳು ಕಲಿಯೋದು ಅಂಕಕ್ಕೆ ಮಾತ್ರವಾ?" ಎಂದು ಕೇಳಿದೆ. ಅವರ ಮನಸ್ಸು ಕರಗಿರಬೇಕು, ನನ್ನ ಪೀರಿಯಡ್‌ಗಳನ್ನು ಯಾರೂ ಮುಟ್ಟಬಾರದೆಂದು ಎಲ್ಲರಿಗೂ ಹೇಳಿದರು. ಗೆದ್ದವಳಂತೆ ತರಗತಿಗೆ ಹೋದೆ. ಮಕ್ಕಳು ಎದ್ದು ನಿಂತು ನಮಸ್ತೆ ಹೇಳಿದರು. ಶ್ರೀಧರ ಮೇಷ್ಟ್ರು ಅರ್ಧ ಬಿಡಿಸಿ ಬಿಟ್ಟುಹೋಗಿದ್ದ ಲೆಕ್ಕವನ್ನು ಬೋರ್ಡಿನಿಂದ ಒರೆಸಲು ಹೋದಾಗ ಮಾತ್ರ, "ಟೀಚರ್, ಒಂದ್ನಿಮಿಷ, ಬರ್ಕೊಳ್ತೇವೆ," ಎಂದರು. ಕಾದೆ.

ಆ ಸಂಜೆ ಮನೆಗೆ ಬಂದರೆ ಮಗಳು ಅನಘಾ ಮೇಜಿನ ತುಂಬ ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದಳು. ಅವಳೂ ಈ ವರ್ಷ ಹತ್ತನೇ ಕ್ಲಾಸು, ಕೊಪ್ಪದಲ್ಲೇ ಬೇರೆ ಶಾಲೆ. ಹಿಂದಿ ಪ್ರಾಜೆಕ್ಟಿಗೆ ಹೂಬಳ್ಳಿಯ ಅಂಚು ಬರೆಯುತ್ತಿದ್ದಳು. ಹಿಂದಿನ ದಿನವಷ್ಟೇ ಅವಳ ಗಣಿತದ ಉತ್ತರಪತ್ರಿಕೆ ನೋಡಿ ನನಗೆ ತಲೆ ಸುತ್ತಿತ್ತು.

"ಅದನ್ನ ಬದಿಗಿಡು. ಮೊದಲು ಲೆಕ್ಕ ಮಾಡು," ಎಂದೆ.

"ನಾಳೆ ಕೊಡ್ಬೇಕಮ್ಮ. ಹಿಂದಿ ಮಿಸ್ ಬೇಜಾರು ಮಾಡ್ಕೊಳ್ತಾರೆ."

"ಮಾಡ್ಕೊಳ್ಳಲಿ ಬಿಡು. ಅದೇನು ಟೋಟಲ್ಲಿಗೆ ಸೇರ್ತದಾ?"

ಯಜಮಾನರು ಪೇಪರನ್ನು ಕೆಳಗಿಳಿಸಿ ನನ್ನನ್ನೊಮ್ಮೆ ನೋಡಿ, ಮತ್ತೆ ಮೇಲೆತ್ತಿಕೊಂಡರು. ಏನಾದರೂ ಹೇಳಿದ್ದರೆ ಜಗಳವಾಡಬಹುದಿತ್ತು. ಮಗಳು ಪೆನ್ಸಿಲ್ ಎತ್ತಿಟ್ಟು ಲೆಕ್ಕಕ್ಕೆ ಕೂತಳು. ಬೆಳಿಗ್ಗೆ ನಾನು ದೋಸೆ ಹೊಯ್ಯುವಾಗ ಹೂಬಳ್ಳಿಯನ್ನು ಅವಳ ಪಾಡಿಗೆ ಅವಳು ಮುಗಿಸಿದಳು. ನಾನು ನೋಡದವಳಂತೆ ಇದ್ದೆ.

ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅನಘಾಳ ಹಿಂದಿ ಟೀಚರು ಸಿಕ್ಕಿದರು. ನನ್ನ ಹಾಗೆಯೇ ಕಣ್ಣ ಕೆಳಗೆ ಕಪ್ಪಾಗಿತ್ತು. ನನ್ನ ಕೈ ಹಿಡಿದುಕೊಂಡು, "ಇಡೀ ಕ್ಲಾಸಲ್ಲಿ ಪ್ರಾಜೆಕ್ಟ್ ಕೊಟ್ಟದ್ದು ನಿಮ್ಮ ಮಗಳು ಒಬ್ಬಳೇ ನೋಡಿ. ಹಿಂದಿ ಟೀಚರ ಮನೆಯ ಸಂಸ್ಕಾರ ಅಂದ್ರೆ ಅದು. ನೀವಾದ್ರೂ ಮನೇಲಿ ಹೇಳ್ತೀರಲ್ಲ," ಎಂದರು. ಅವರ ಕಣ್ಣು ತುಂಬಿಬಂದಿತ್ತು.

"ಹೇಳ್ತಾ ಇರ್ತೇನೆ," ಎಂದೆ.