ಲುದ್ವಿಕ್‌ನ ಕ್ಯಾಂಪರ್ ಪರೀಕ್ಷೆ

ಬೇರೆಯವರ ಸುಖಕ್ಕೆ ಮೂವತ್ತಮೂರು ವರ್ಷ ಕಪಾಟು ಕೂರಿಸಿದ್ದು ಸಾಕು, ಇನ್ನು ತನ್ನ ಸುಖಕ್ಕೆ ಒಂದು ಕ್ಯಾಂಪರ್ ಕೊಂಡೇ ತೀರುತ್ತೇನೆ ಎಂದು ಲುದ್ವಿಕ್ ಏಪ್ರಿಲ್ ತಿಂಗಳ ಒಂದು ಭಾನುವಾರ ಊಟದ ಮೇಜಿನಲ್ಲಿ ಘೋಷಿಸಿದ. ಘೋಷಣೆ ಎಂಬ ಮಾತು ಇಲ್ಲಿ ಹೆಚ್ಚೇನೂ ಅಲ್ಲ. ಎದ್ದು ನಿಂತು, ಚಮಚವನ್ನು ರಾಜದಂಡದಂತೆ ಎತ್ತಿ ಹಿಡಿದೇ ಹೇಳಿದ್ದ. ಕೇಳಲು ಇದ್ದ ಪ್ರಜೆ ಒಬ್ಬಳೇ, ಹೆಂಡತಿ ಸ್ತಾಂಕಾ. ಆಕೆ ಬೀನ್ಸ್ ಸಾರಿಗೆ ಇನ್ನೊಂದಿಷ್ಟು ವಿನೆಗರ್ ಹಾಕಿಕೊಂಡಳು, ಅಷ್ಟೆ.

ಊರಿನಲ್ಲಿ ಇದ್ದದ್ದು ಒಂದೇ ಕಾರ್ಖಾನೆ. ಅಲ್ಲಿ ತಯಾರಾದ ಕ್ಯಾಂಪರ್‌ಗಳು, ಅಂದರೆ ಹಾಸಿಗೆ, ಒಲೆ, ಪಾಯಿಖಾನೆ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡುವ ಮನೆಗಳು, ಜರ್ಮನಿಗೂ ಹಾಲೆಂಡಿಗೂ ಹೋಗುತ್ತಿದ್ದವು. ಒಲೆಯ ಮೇಲಿನ ಕಪಾಟು ಕೂರಿಸುವುದು ಲುದ್ವಿಕ್‌ನ ಕೆಲಸ. ಅವನದೇ ಲೆಕ್ಕದಲ್ಲಿ ಐವತ್ತು ಸಾವಿರ ಕಪಾಟು ಕೂರಿಸಿದ್ದ. ಒಂದೇ ಒಂದು ರಾತ್ರಿ ಅಂಥ ಗಾಡಿಯಲ್ಲಿ ಮಲಗಿರಲಿಲ್ಲ. ಮದುವೆಮನೆಯ ಅಡುಗೆಭಟ್ಟನ ಹಾಗೆ ಊಟ ಬಡಿಸಿ ಬಡಿಸಿ ಹಸಿದವನು.

ಅದರ ಹಿಂದಿನ ಅಕ್ಟೋಬರ್‌ನಲ್ಲಷ್ಟೇ ನಿವೃತ್ತನಾಗಿದ್ದ. ಮರುದಿನವೇ ಮನೆಯ ಅಧಿಕಾರ ವಹಿಸಿಕೊಂಡ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಆಲೂಗಡ್ಡೆ ಸಿಪ್ಪೆ ದಪ್ಪವಾಯಿತು, ಕೋಸಿಗೆ ನೀರು ಹೆಚ್ಚಾಯಿತು, ಕಿಟಕಿಯನ್ನು ಮೇಲಿನಿಂದ ಕೆಳಗೆ ಒರೆಸಬೇಕೇ ಹೊರತು ಪಕ್ಕದಿಂದ ಪಕ್ಕಕ್ಕಲ್ಲ ಎಂದು ಹೆಂಡತಿಯ ಬೆನ್ನ ಹಿಂದೆ ನಿಂತು ಹೇಳತೊಡಗಿದ. ಮೂವತ್ತು ವರ್ಷ ಅಂಚೆ ಕಚೇರಿಯ ಕಿಂಡಿಯಲ್ಲಿ ಕೂತು ಊರಿನವರ ತಲೆಹರಟೆ ಕೇಳಿದ್ದ ಸ್ತಾಂಕಾ ಇದನ್ನೂ ಕೇಳಿದಳು.

ಮಾರಿಬೋರ್‌ನ ಜುಪಾನ್ ಎಂಬ ಹಲ್ಲಿನ ಡಾಕ್ಟರು ಲುದ್ವಿಕ್‌ನ ಕಾರ್ಖಾನೆಯಲ್ಲೇ ತಯಾರಾದ ತಮ್ಮ ಹನ್ನೊಂದು ವರ್ಷ ಹಳೆಯ ಕ್ಯಾಂಪರನ್ನು ಮೂವತ್ತನಾಲ್ಕು ಸಾವಿರ ಯೂರೋಗೆ ಮಾರುತ್ತಿದ್ದರು. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿತ್ತು. ಹಾಗಾಗಿ ಸ್ತಾಂಕಾಳ ಸಹಿ ಇಲ್ಲದೆ ಹಣ ಅಲ್ಲಾಡುವ ಹಾಗಿರಲಿಲ್ಲ. ಓದದೆ ಸಹಿ ಹಾಕುವ ಅಭ್ಯಾಸ ಆಕೆಗೆ ಇರಲಿಲ್ಲ. ಅಷ್ಟು ದುಡ್ಡಿನಲ್ಲಿ ಇಬ್ಬರೂ ಸಾಯುವವರೆಗೆ ವರ್ಷಕ್ಕೆರಡು ವಾರ ಸಮುದ್ರದ ಪಕ್ಕ ರೂಮು ಹಿಡಿದು ಇರಬಹುದು, ಅದೂ ಬೆಳಗಿನ ತಿಂಡಿ ಸಮೇತ, ಹಾಸಿಗೆ ಬೇರೆಯವರು ಹಾಸುತ್ತಾರೆ ಎಂದಳು. ರೂಮಿನಲ್ಲಿ ಸ್ವಾತಂತ್ರ್ಯ ಎಲ್ಲಿದೆ ಎಂದು ಲುದ್ವಿಕ್ ಕೇಳಿದ.

“ಸ್ವಾತಂತ್ರ್ಯ ಯಾರಿಂದ?” ಎಂದಳು ಸ್ತಾಂಕಾ.



ಕೊನೆಗೆ ದಾರಿ ತೋರಿಸಿದವಳೂ ಆಕೆಯೇ. ನಾಲ್ಕು ದಿನಕ್ಕೆ ಗಾಡಿ ಕೇಳು, ಹೋಗಿ ಬರೋಣ, ಆಮೇಲೆ ಹೇಳುತ್ತೇನೆ ಎಂದಳು. ಮಾರುವ ಅವಸರದಲ್ಲಿದ್ದ ಡಾಕ್ಟರು ಒಪ್ಪಿದರು. ಏನಾದರೂ ಮುರಿದರೆ ಅದು ನಿಮ್ಮ ತಲೆಗೆ ಎಂದು ನಗುನಗುತ್ತಲೇ ಬರೆಸಿಕೊಂಡರು. ಹಲ್ಲು ಕೀಳುವವರು ಯಾವಾಗಲೂ ನಗುತ್ತಾರೆ.

ಮೊದಲ ದಿನ ಗಾಡಿ ಊರಿನ ಮೊದಲ ತಿರುವನ್ನು ಮಾತ್ರ ಸುಖವಾಗಿ ದಾಟಿತು. ಎರಡನೆಯದರಲ್ಲಿ ಒಲೆಯ ಮೇಲಿನ ಕಪಾಟು ಬಾಯಿ ತೆರೆದು ಆರು ತಟ್ಟೆ, ಒಂದು ಕಾಫಿ ಪಾತ್ರೆ, ಒಂದು ದೊಡ್ಡ ಬಾಟಲಿ ಬೀಟ್‌ರೂಟ್ ಉಪ್ಪಿನಕಾಯಿ ಎಲ್ಲವನ್ನೂ ಕಾರಿಕೊಂಡಿತು. ಹಿಂದಿನ ಬಿಳಿ ಸೋಫಾ ಹಂದಿ ಕುಯ್ದ ಕಟ್ಟೆಯಂತಾಯಿತು. ಹೊರಡುವ ಮೊದಲು ಕಪಾಟಿನ ಪ್ರತಿ ಬಾಗಿಲ ಗುಂಡಿಯನ್ನೂ ಒತ್ತಿ ಭದ್ರ ಮಾಡಬೇಕೆಂದು ಬಾಗಿಲ ಒಳಮೈಯಲ್ಲಿ ಬರೆದ ಚೀಟಿಯೇ ಇತ್ತು. ಸ್ತಾಂಕಾ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು.

“ಐವತ್ತು ಸಾವಿರ ಕಪಾಟು ಕೂರಿಸಿದೀಯ. ಇದೊಂದು ಗುಂಡಿ ಒತ್ತೋದು ಗೊತ್ತಿಲ್ವಾ?”

“ನನ್ನ ಕೆಲಸ ಗುಂಡಿ ಕೂರಿಸೋದು,” ಎಂದ ಲುದ್ವಿಕ್. “ಒತ್ತೋದು ಗಿರಾಕಿ ಕೆಲಸ.”

“ಈಗ ಗಿರಾಕಿ ಯಾರು ಮಾರಾಯಾ?”

ಸಂಜೆಯ ಹೊತ್ತಿಗೆ ಪಾಗ್ ದ್ವೀಪ ತಲುಪಿದರು. ಮರವಿಲ್ಲ, ನೆರಳಿಲ್ಲ. ಬರೀ ಬಿಳಿ ಕಲ್ಲು, ಕಲ್ಲಿನ ಮಧ್ಯೆ ಕುರಿ, ಆಚೆ ನೀಲಿ ನೀರು. ಹಂಗಾಮು ಶುರುವಾಗಿರಲಿಲ್ಲವಾದ್ದರಿಂದ ಇಂಥ ಗಾಡಿಗಳು ತಂಗುವ ಕ್ಯಾಂಪಿನಲ್ಲಿ ಜಾಗ ಬೇಕಾದಷ್ಟಿತ್ತು. ಲುದ್ವಿಕ್ ಸಮುದ್ರಕ್ಕೆ ಎಲ್ಲಕ್ಕಿಂತ ಹತ್ತಿರದ ಜಾಗ ಆರಿಸಿದ. ಆ ಜಾಗ ಇಳಿಜಾರು ಎಂಬುದು ಮಲಗಿದ ಮೇಲೆ ತಿಳಿಯಿತು. ಹಾಸಿಗೆ ಇದ್ದದ್ದು ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ. ಏಣಿ ಹತ್ತಿ, ಹಾವಿನಂತೆ ತೆವಳಿ ಒಳಗೆ ಸೇರಿದರೆ ಮಗ್ಗುಲು ಬದಲಿಸಲು ಇಬ್ಬರೂ ಮಾತಾಡಿಕೊಂಡು ಒಟ್ಟಿಗೆ ತಿರುಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಇಂಥ ಗಾಡಿಯಲ್ಲೇ ಮಲಗಿ ಎದ್ದಿರಬೇಕು.

ಮರುದಿನ ಬೆಳಿಗ್ಗೆ ಕ್ಯಾಂಪಿನ ಕಂಪು ಏನೆಂದು ತಿಳಿಯಿತು. ಕ್ಯಾಂಪರಿನ ಪಾಯಿಖಾನೆಗೆ ಕೆಳಗೊಂದು ಡಬ್ಬಿ ಇರುತ್ತದೆ. ಅದನ್ನು ಎಳೆದು, ಹೊತ್ತು, ಕ್ಯಾಂಪಿನ ಮೂಲೆಯ ಗುಂಡಿಗೆ ಸುರಿದು ತೊಳೆದು ತರಬೇಕು. ಎಂಟು ಗಂಟೆಗೆ ನಾಲ್ಕು ದೇಶದ ಗಂಡಂದಿರು ಒಂದೊಂದು ಡಬ್ಬಿ ಹಿಡಿದು, ಯಾರ ಮುಖವನ್ನೂ ನೋಡದೆ, ಶವಯಾತ್ರೆಯ ಗಾಂಭೀರ್ಯದಲ್ಲಿ ಸಾಲು ನಿಂತಿದ್ದರು. ಲುದ್ವಿಕ್ ಹೋದ. ಡಬ್ಬಿ ಹೇಗೆ ತೆರೆಯಬೇಕೆಂದು ಯಾರನ್ನೂ ಕೇಳಲಿಲ್ಲ, ಇದು ನಮ್ಮ ಕಾರ್ಖಾನೆಯ ಮಾಲು ಎಂಬ ಜಂಬ. ಗಾಳಿ ಹೋಗುವ ಮೂತಿ ತೆರೆಯದೆ ಡಬ್ಬಿ ಬೋರಲು ಹಾಕಿದ. ಅದು ಒಮ್ಮೆ ತೇಗಿ, ಒಳಗಿನದನ್ನೆಲ್ಲ ಅವನ ಹೊಸ ಪ್ಯಾಂಟಿನ ಮೇಲೆ ಉಗುಳಿತು. ಹಿಂದೆ ನಿಂತಿದ್ದ ಆಸ್ಟ್ರಿಯಾದ ಮುದುಕ ಎರಡು ಹೆಜ್ಜೆ ಹಿಂದೆ ಸರಿದ.

ಅದೇ ಮುದುಕ ಮಧ್ಯಾಹ್ನ ತನ್ನ ಕ್ಯಾಂಪರಿನ ಪಕ್ಕದ ಚಪ್ಪರವನ್ನು ಸುತ್ತಿ ಒಳಗಿಟ್ಟ. ಚಪ್ಪರವೆಂದರೆ ಗಾಡಿಯ ಪಕ್ಕಕ್ಕೆ ಬಿಚ್ಚಿ, ಎರಡು ಕಾಲಿನ ಮೇಲೆ ನಿಲ್ಲಿಸುವ ದಪ್ಪ ಬಟ್ಟೆ. ಆಮೇಲೆ ಅವನು ಲುದ್ವಿಕ್‌ನ ಕಡೆ ತಿರುಗಿ, ನೀರಿನಾಚೆಯ ಬೆಟ್ಟದ ತಲೆಗೆ ಕವಿದ ಬಿಳಿ ಮೋಡ ತೋರಿಸಿ, ನೀನೂ ಸುತ್ತಿಡು ಎಂದು ಕೈಸನ್ನೆ ಮಾಡಿದ. ಸ್ತಾಂಕಾಳೂ ಸುತ್ತಿಡೋಣ ಎಂದಳು. ಲುದ್ವಿಕ್ ಚಪ್ಪರದ ಕೆಳಗೆ ಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ, ಇಂಥದ್ದನ್ನು ಕಟ್ಟಿದವನಿಗೇ ಪಾಠ ಹೇಳಬೇಡ ಎಂದ.

ಮೂರು ಗಂಟೆಗೆ ಬೂರಾ ಬಂತು. ಬೆಟ್ಟದಿಂದ ಸಮುದ್ರಕ್ಕೆ ಬೀಳುವ ಆ ಒಣ ಗಾಳಿಗೆ ಮುನ್ಸೂಚನೆ, ಮರ್ಯಾದೆ ಎರಡೂ ಇಲ್ಲ. ಮೊದಲ ಹೊಡೆತಕ್ಕೆ ಕುರ್ಚಿ ಹೋಯಿತು. ಎರಡನೆಯದಕ್ಕೆ ಚಪ್ಪರ ಹಡಗಿನ ಹಾಯಿಯಂತೆ ಉಬ್ಬಿತು. ಲುದ್ವಿಕ್ ಓಡಿ ಅದರ ಒಂದು ಕಾಲನ್ನು ಅಪ್ಪಿಕೊಂಡ. ಚಪ್ಪರ ಗಾಡಿಯ ಪಕ್ಕೆಯಿಂದ ತಗಡಿನ ಪಟ್ಟಿ ಸಮೇತ ಕಿತ್ತುಕೊಂಡು, ಅವನನ್ನೂ ಕರೆದುಕೊಂಡೇ ಹೊರಟಿತು. ಹತ್ತು ಹೆಜ್ಜೆ ಎಳೆಸಿಕೊಂಡು ಹೋದ ಮೇಲೆ ಬಿಡು, ಬಿಡು ಎಂದು ಸ್ತಾಂಕಾ ಕೂಗಿದ್ದು ಕೇಳಿ ಕೈಬಿಟ್ಟ. ಚಪ್ಪರ ಮೇಲೆದ್ದಿತು. ಕಲ್ಲುಗೋಡೆ ದಾಟಿ, ಕುರಿಗಳ ಮಧ್ಯೆ ಬಿದ್ದು, ಮತ್ತೆ ಎದ್ದು, ಚೂರಾಯಿತು. ಬೂರಾ ಬೀಸಿದ್ದೇ ಲುದ್ವಿಕ್‌ನ ಬುರುಡೆ ನಿಂತಿತು.

ಆದರೆ ಕಷ್ಟ ಅದಲ್ಲ. ಗಾಳಿಯಿದ್ದಷ್ಟು ಹೊತ್ತು ಎತ್ತರದ ಗಾಡಿಗಳನ್ನು ದ್ವೀಪದ ಸೇತುವೆ ದಾಟಲು ಬಿಡುವುದಿಲ್ಲ. ಆಚೆ ಬದಿಯ ದೋಣಿಯೂ ನಿಂತಿತು. ನಿಂತದ್ದು ಒಂದು ದಿನವಲ್ಲ, ಮೂರು ದಿನ. ಹೊರಗೆ ಕಾಲಿಟ್ಟರೆ ಉಪ್ಪುನೀರು, ಮರಳು ಒಟ್ಟಿಗೆ ಮುಖಕ್ಕೆ ಬಡಿಯುತ್ತಿತ್ತು. ಒಳಗೆ ಏಳು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಬೀಟ್‌ರೂಟಿನ ವಾಸನೆ. ಮತ್ತು ಲುದ್ವಿಕ್.

ಮನೆಯಲ್ಲಾದರೆ ಸ್ತಾಂಕಾ ಬಟ್ಟೆ ಒಣಗಿಸುವ ನೆಪದಲ್ಲಿ ಹಿತ್ತಿಲಿಗೆ, ಉಪ್ಪು ತರುವ ನೆಪದಲ್ಲಿ ಅಂಗಡಿಗೆ ಹೋಗಬಹುದಿತ್ತು. ಇಲ್ಲಿ ನೆಪಕ್ಕೂ ಜಾಗವಿರಲಿಲ್ಲ. ಆಕೆ ಜೋಳದ ಹಿಟ್ಟಿನ ಮುದ್ದೆ ತಿರುವಿದರೆ ಅವನ ಗದ್ದ ಆಕೆಯ ಭುಜದ ಮೇಲೆ. ಗ್ಯಾಸ್ ಉರಿ ಜಾಸ್ತಿ. ಚಮಚ ಎಡದಿಂದ ತಿರುಗಿಸಬೇಕು. ತಟ್ಟೆ ತೊಳೆಯಲು ಇಷ್ಟು ನೀರಾ, ತೊಟ್ಟಿಯಲ್ಲಿರುವುದು ನೂರು ಲೀಟರ್. ಚಪ್ಪರ ಹೋಯಿತು, ಸೇತುವೆ ಮುಚ್ಚಿತು, ಪ್ಯಾಂಟು ಹಾಳಾಯಿತು. ಅವನ ಕೈಯಲ್ಲಿ ಉಳಿದ ರಾಜ್ಯ ಇದೊಂದೇ. ಹಾಗಾಗಿ ಗಟ್ಟಿಯಾಗಿ ಆಳಿದ.

ಗಾಳಿಯ ಎರಡನೆಯ ದಿನ ಮಧ್ಯಾಹ್ನ ಕಾಫಿ ಹಾಕುತ್ತಿದ್ದಾಗ, ಪುಡಿ ಮೊದಲು, ನೀರು ಆಮೇಲೆ ಎಂದು ಲುದ್ವಿಕ್ ಹೇಳಿದ. ಸ್ತಾಂಕಾ ಪಾತ್ರೆ ಕೆಳಗಿಟ್ಟು ಒಲೆ ಆರಿಸಿದಳು. ಸಿಟ್ಟಿನಿಂದಲ್ಲ, ನಿಧಾನವಾಗಿ.

“ನಿನ್ನ ಜೊತೆ ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ ಅಂದ್ಕೊಂಡಿದ್ದೆ,” ಎಂದಳು. “ಸುಳ್ಳು. ನೀನು ಶಿಫ್ಟ್‌ಗೆ ಹೋಗ್ತಿದ್ದೆ, ನಾನು ಸಂಸಾರ ಮಾಡ್ತಿದ್ದೆ. ನಾವು ಒಟ್ಟಿಗೆ ಇರೋದು ಈಗ ಆರು ತಿಂಗಳಿಂದ.”

“ಅದಕ್ಕೇನೀಗ?”

“ಅದಕ್ಕೇ ಹೇಳ್ದೆ. ಆರು ತಿಂಗಳು.”

ಲುದ್ವಿಕ್ ಕಿಟಕಿಯ ಕಡೆ ತಿರುಗಿ ಕೂತ. ಉಪ್ಪು ಮೆತ್ತಿ ಗಾಜಿನಾಚೆ ಏನೂ ಕಾಣುತ್ತಿರಲಿಲ್ಲ. ತಾನು ದುಡಿದದ್ದು ಯಾರಿಗಾಗಿ ಎಂದು ಕೇಳಬಹುದಿತ್ತು. ಉತ್ತರ ಬಂದುಬಿಟ್ಟರೆ ಎಂಬ ಹೆದರಿಕೆಯಿಂದ ಕೇಳಲಿಲ್ಲ. ಮೂರನೆಯ ದಿನವೆಲ್ಲ ಸ್ತಾಂಕಾ ರೇಡಿಯೋದಲ್ಲಿ ಸೇತುವೆಯ ಸುದ್ದಿ ಕೇಳಿದಳು, ಒಂದು ಕಾಗದದ ಮೇಲೆ ಏನೋ ಬರೆದಳು, ಹೊಡೆದುಹಾಕಿ ಮತ್ತೆ ಬರೆದಳು.

ಗಾಳಿ ನಿಂತಿತು. ಅವರು ನೇರವಾಗಿ ಮಾರಿಬೋರ್‌ಗೆ ಬಂದರು. ಜುಪಾನ್ ಡಾಕ್ಟರು ಗಾಡಿಯನ್ನು ಸುತ್ತಿ ಬಂದು, ಪಕ್ಕೆಯ ಗಾಯವನ್ನು ಬೆರಳಿನಿಂದ ತಡವಿ, ಕೆಟ್ಟ ದವಡೆ ಹಲ್ಲು ನೋಡಿದವರ ಹಾಗೆ ತಲೆಯಾಡಿಸಿದರು. ಚಪ್ಪರ, ತಗಡು, ಸೋಫಾ ಸೇರಿ ಎರಡು ಸಾವಿರ ಆಗುತ್ತದೆ. ಗಾಡಿಯನ್ನೇ ಕೊಂಡರೆ ಅದನ್ನು ಬಿಟ್ಟುಕೊಡುತ್ತೇನೆ ಎಂದರು.

ದಾರಿಯುದ್ದಕ್ಕೂ ಲುದ್ವಿಕ್ ಇದೊಂದು ಮಾತನ್ನು ತಯಾರು ಮಾಡಿಕೊಂಡಿದ್ದ.

“ಬೇಡ ಡಾಕ್ಟ್ರೇ. ಆ ಎರಡು ಸಾವಿರ ಕೊಡ್ತೀನಿ. ಇದು ನಮಗೆ ಆಗಿಬರೋಲ್ಲ.”

ಸ್ತಾಂಕಾ ಕೈಚೀಲದಿಂದ ಪೆನ್ನು ತೆಗೆದಳು. “ಕೊಂಡ್ಕೋತೀವಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ,” ಎಂದಳು.

ಲುದ್ವಿಕ್‌ಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಆಕೆ ಕ್ಷಮಿಸಿದ್ದಾಳೆ, ಅಷ್ಟೇ ಅಲ್ಲ, ಅರ್ಥ ಮಾಡಿಕೊಂಡಿದ್ದಾಳೆ ಎಂದುಕೊಂಡ. ಕಣ್ಣು ತುಂಬಿ ಬಂತು. ಮನೆಗೆ ಬರುವ ಎರಡು ಗಂಟೆ ಹಾದಿಯಲ್ಲಿ ಪೋರ್ಚುಗಲ್ ತನಕ ಹೋಗೋಣ, ನಾರ್ವೆಯ ತುದಿ ನೋಡೋಣ, ಇನ್ನು ಮೇಲೆ ಕಾಫಿ ವಿಷಯಕ್ಕೆ ಬಾಯಿ ಹಾಕುವುದಿಲ್ಲ ಎಂದೆಲ್ಲ ಹೇಳುತ್ತಾ ಬಂದ. ಸ್ತಾಂಕಾ ಹೂಂ ಎನ್ನುತ್ತಾ ಕೇಳಿದಳು. ಎದುರಿಗೆ ಲಾರಿ ಬರುತ್ತಿದೆ ಎಂದು ಒಮ್ಮೆ ಎಚ್ಚರಿಸಿದಳು.

ಮನೆ ತಲುಪಿದಾಗ ಆಕೆಯೇ ಇಳಿದು, ಇತ್ತ ಬಾ, ಅತ್ತ ತಿರುಗಿಸು ಎಂದು ಕೈತೋರಿಸಿ ಗಾಡಿಯನ್ನು ಹಿತ್ತಿಲಿನ ತುದಿಯಲ್ಲಿದ್ದ ಆಕ್ರೋಡು ಮರದ ಕೆಳಗೆ ನಿಲ್ಲಿಸಿದಳು. ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತಿರಲಿಲ್ಲ. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಳು. ಮನೆಯೊಳಗೆ ಹೋಗಿ ಅವನ ದಿಂಬು, ಚಪ್ಪಲಿ, ರಕ್ತದೊತ್ತಡದ ಮಾತ್ರೆ, ಪೇಪರು ಓದುವ ಕನ್ನಡಕ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ತಂದು ಗಾಡಿಯ ಮೆಟ್ಟಿಲ ಮೇಲೆ ಇಟ್ಟಳು.

“ನಾಳೆನೇ ಹೊರಡೋದಾ?” ಎಂದು ಲುದ್ವಿಕ್ ಕೇಳಿದ.

“ಎಲ್ಲಿಗೂ ಹೊರಡೋದಿಲ್ಲ,” ಎಂದಳು ಸ್ತಾಂಕಾ. “ಮೂವತ್ತನಾಲ್ಕು ಸಾವಿರ ಬಹಳ ಜಾಸ್ತಿ ಅಂತ ನಾನೂ ಅಂದ್ಕೊಂಡಿದ್ದೆ. ಆ ಮೂರು ದಿನ ಇದರೊಳಗೆ ಕೂತ್ಕೊಂಡು ಲೆಕ್ಕ ಹಾಕ್ದೆ, ಸರಿಹೋಯ್ತು. ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬಾ, ಸಂಜೆ ಮನೆಗೆ ಬಾ. ಮೊದಲಿನ ಹಾಗೇ ಶಿಫ್ಟ್‌ಗೆ ಹೋಗಿದೀಯ ಅಂದ್ಕೋತೀನಿ. ಹಾಗಿದ್ರೆ ಸಂಜೆ ಹೊತ್ತಿಗೆ ನಿನ್ನ ಕಂಡ್ರೆ ಒಂದಿಷ್ಟು ಪ್ರೀತಿನೂ ಬರಬಹುದು.”

ಲುದ್ವಿಕ್ ನಕ್ಕ. ಆಕೆ ನಗದಿದ್ದದ್ದು ನೋಡಿ ನಿಲ್ಲಿಸಿದ.

ಜೂನ್ ಬಂತು. ದಿನಾ ಹನ್ನೆರಡಕ್ಕೆ ಕ್ಯಾಂಪರಿನ ಬಾಗಿಲು ಟಕಟಕ ಎನ್ನುತ್ತದೆ, ಸಾರಿನ ಬಟ್ಟಲು ಒಳಗೆ ಬರುತ್ತದೆ. ಒಂದು ದಿನ ಒಳಗೆ ಬಾ, ಕೂತ್ಕೋ ಎಂದು ಅವನು ಕರೆದ. ಒಲೆಯ ಮೇಲೆ ಹಾಲಿದೆ ಎಂದು ಆಕೆ ಹಿಂದಿರುಗಿದಳು. ಹಿಂದಿರುಗುವಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ಯುಸ್ತಿನಾ ತಡೆದು ನಿಲ್ಲಿಸಿದಳು. ತನ್ನ ಗಂಡನಿಗೂ ಕ್ಯಾಂಪರಿನ ಹುಚ್ಚು ಹತ್ತಿದೆ, ಅಷ್ಟು ದುಡ್ಡಿಗೆ ಬೆಲೆ ಬಾಳುತ್ತದೆಯೇ ಎಂದು ಕೇಳಿದಳು. ಕ್ಯಾಂಪರಿನ ಗೋಡೆ ತೆಳು. ಲುದ್ವಿಕ್ ಚಮಚ ಎತ್ತದೆ ಕಿವಿಗೊಟ್ಟ.

“ಒಂದೊಂದು ಸೆಂಟೂ ಸಾರ್ಥಕ ಕಣೇ,” ಎಂದಳು ಸ್ತಾಂಕಾ.

“ಅಲ್ವೇ, ಕೊಂಡ್ಮೇಲೆ ಗಾಡಿ ಒಂದು ಸಲನೂ ಎಲ್ಲಿಗೂ ಹೋಗೇ ಇಲ್ವಲ್ಲ?”

“ಗಾಡಿ ಹೋಗ್ದಿದ್ರೇನು? ಅವನು ಹೋಗಿದಾನಲ್ಲ.”

ಇಬ್ಬರು ಹೆಂಗಸರೂ ಬಹಳ ಹೊತ್ತು ನಕ್ಕರು. ಲುದ್ವಿಕ್ ಒಂದು ಚಮಚ ಸಾರು ಬಾಯಿಗೆ ಹಾಕಿಕೊಂಡ. ಉಪ್ಪು ಕಡಿಮೆಯಾಗಿತ್ತು. ಹೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.