ಏಕಪಾರ್ಶ್ವ ನಾಸಿಕ ವಿಧಾನ

ಮನುಷ್ಯನ ಮೂಗಿನ ಮೂಳೆಗೆ ಎರಡು ಪಾರ್ಶ್ವಗಳಿವೆ ಎಂಬ ಸಂಗತಿ ರಾಮನಗರದ ಸರ್ಕಾರಿ ನಾಸಿಕ ಸೌಂದರ್ಯ ಘಟಕದ ಗಮನಕ್ಕೆ ಬಂದದ್ದು, ಮೊದಲನೆಯ ಪಾರ್ಶ್ವವನ್ನು ಕತ್ತರಿಸಿ ಮುಗಿಸಿದ ಮೇಲೆ.

ಮೂಗು ಕಲ್ಯ ಗ್ರಾಮದ ಭಾನುಪ್ರಿಯಳದು. ಮಾಗಡಿ ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಮುಂದಿನ ಸೀಟಿನ ಕಂಬಿಗೆ ಬಡಿದು ಎಡಕ್ಕೆ ವಾಲಿಬಿಟ್ಟಿತ್ತು. ವಾಲಿದರೆ ವಾಲಲಿ, ಮೂಗು ತಾನೆ? ಆದರೆ ಅವಳು ದುಡಿಯುತ್ತಿದ್ದ ಹಾರೋಹಳ್ಳಿ ಫ್ಯಾಕ್ಟರಿಯ ಹಾಜರಾತಿ ಮಿಷನ್ನು ಮುಖ ನೋಡಿ ಬಾಗಿಲು ತೆಗೆಯುವಂಥದ್ದು. ಅದು ಇವಳನ್ನು ಗುರುತಿಸಲು ನಿರಾಕರಿಸಿತು. ‘ಒಮ್ಮೆ ನೋಂದಾಯಿತವಾದ ಮುಖವನ್ನು ಬದಲಾಯಿಸತಕ್ಕದ್ದಲ್ಲ; ಮುಖವೇ ನೋಂದಣಿಗೆ ಹೊಂದಿಕೊಳ್ಳತಕ್ಕದ್ದು’ ಎಂಬುದು ನಿಯಮ. ಎರಡು ತಿಂಗಳೊಳಗೆ ಮೂಗು ನೆಟ್ಟಗಾಗದಿದ್ದರೆ ಕೆಲಸ ಹೋಗುವುದು ಖಂಡಿತವಾಗಿತ್ತು.

ಡಾಕ್ಟರ್ ಶಶಿಕಿರಣ್ ಒಳ್ಳೆಯವರು. “ಎರಡೂ ಕಡೆ ಸಣ್ಣ ಉಳಿಯಿಂದ ಮೂಳೆ ಕತ್ತರಿಸಿ, ಮಧ್ಯಕ್ಕೆ ಕೂರಿಸ್ತೀನಮ್ಮ. ಮುಖ ಮೊದಲಿನ ಹಾಗೇ ಆಗುತ್ತೆ,” ಎಂದು ಧೈರ್ಯ ಹೇಳಿದ್ದರು. ಬಲಗಡೆ ಟಕಟಕನೆ ಮುಗಿಯಿತು. ಅಷ್ಟರಲ್ಲಿ ಉಗ್ರಾಣಾಧಿಕಾರಿ ಮಲ್ಲಿಕಾರ್ಜುನಯ್ಯನವರು ಕಡತ ಹಿಡಿದು ಆಪರೇಷನ್ ಥಿಯೇಟರಿನ ಒಳಕ್ಕೇ ಬಂದರು.

“ನಿಲ್ಲಿಸಿ ಡಾಕ್ಟ್ರೇ. ಈ ಉಳಿ ಅನುಮೋದಿತ ಪಟ್ಟೀಲಿಲ್ಲ.”

“ಒಂದೇ ಕಡೆ ಕೊಯ್ದು ಬಿಟ್ಟರೆ ಮೂಗು ಆ ಕಡೆಗೇ ಕುಸಿಯುತ್ತೆ ಸಾರ್!”

“ಬಲಗಡೆದು ತಿಳೀದೆ ಆದ ತಪ್ಪು, ಕ್ಷಮಿಸಬಹುದು. ತಿಳಿದೂ ಎಡಗಡೆ ಮುಟ್ಟಿದರೆ ಅಪರಾಧ.”

ಅರೆಮಂಪರಿನಲ್ಲಿದ್ದ ಭಾನುಪ್ರಿಯಳಿಗೆ ಇದೆಲ್ಲ ಕೇಳಿಸಿತು. ಅಳು ಬಂತು. ಆದರೆ ಮೂಗಿನಲ್ಲಿ ಹತ್ತಿ ತುರುಕಿದ್ದರಿಂದ ಅಳಲೂ ಆಗಲಿಲ್ಲ.

ಪಟ್ಟಿಯಲ್ಲಿದ್ದ ಉಳಿ ಒಂದೇ: ಚನ್ನಪಟ್ಟಣದ ಗೊಂಬೆ ಕಡೆಯುವ ಉಳಿ. ಸ್ಥಳೀಯ ಉತ್ಪನ್ನಕ್ಕೆ ಆದ್ಯತೆ ಕೊಡಬೇಕೆಂಬ ಸುತ್ತೋಲೆಯ ಫಲ ಅದು. ತಜ್ಞರ ಅಭಿಪ್ರಾಯಕ್ಕಾಗಿ ನಲವತ್ತು ವರ್ಷ ಗೊಂಬೆ ಕಡೆದಿದ್ದ ಸಮದ್ ಸಾಹೇಬರನ್ನು ಕರೆಸಿದರು.

“ನಮ್ದ್ರಲ್ಲಿ ಉಳಿ ಒಂದ್ಕಡೆ ನಿಲ್ತದೆ ಸಾರ್, ಮರ ತಿರುಗ್ತದೆ,” ಅಂದರು ಸಮದ್.

ಮಲ್ಲಿಕಾರ್ಜುನಯ್ಯನವರು ಬರೆದುಕೊಂಡರು: ‘ರೋಗಿಯು ತಿರುಗತಕ್ಕದ್ದು. ತಿರುಗಿಸುವ ಯಂತ್ರಕ್ಕೆ ಟೆಂಡರ್ ಕರೆಯುವುದು.’

“ಅಯ್ಯಯ್ಯೋ, ನಾನ್ ಹಂಗಂದೇ ಇಲ್ಲ! ಡಾಕ್ಟ್ರ ಉಳಿನೇ ಸರಿಯಾಗೈತೆ. ಪಾಪ, ಹೆಣ್ಮಗಳು, ಬೇಗ ಮುಗಿಸ್ಕೊಡಿ.”

“ನಿಮ್ಮ ಉಳಿ ಬಗ್ಗೆ ಹೇಳಿದ್ದು ಅಭಿಪ್ರಾಯ. ಪಾಪ ಅಂದದ್ದು ಅಭಿಪ್ರಾಯದ ವ್ಯಾಪ್ತಿಗೆ ಬರಲ್ಲ ಸಾಹೇಬ್ರೇ,” ಎಂದು ಮಲ್ಲಿಕಾರ್ಜುನಯ್ಯನವರು ಕಾಫಿ ತರಿಸಿ ಸನ್ಮಾನಿಸಿದರು.

ಟೆಂಡರಿಗೆ ಯಾರೂ ಬರಲಿಲ್ಲ. ಮೂಳೆ ಮಾತ್ರ ಕಾಯಲಿಲ್ಲ, ಕೂಡಿಕೊಂಡಿತು. ಎಡಕ್ಕೆ ವಾಲಿದ್ದ ಮೂಗು ಈಗ ಬಲಕ್ಕೆ ವಾಲಿತ್ತು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದರು! ಕಡತ ಮುಗಿಸಲೇಬೇಕಾದ್ದರಿಂದ ಘಟಕ ಪ್ರಮಾಣಪತ್ರ ಕೊಟ್ಟಿತು: ‘ಸದರಿ ಮೂಗು ನೆಟ್ಟಗಿದೆ.’

ಎರಡು ತಿಂಗಳ ಕೊನೆಯ ದಿನ ಭಾನುಪ್ರಿಯ ಪ್ರಮಾಣಪತ್ರ ಹಿಡಿದು ಮಿಷನ್ನಿನ ಮುಂದೆ ನಿಂತಳು. ಬಾಗಿಲು ತೆರೆಯಲಿಲ್ಲ. ಸೂಪರ್‌ವೈಸರ್ ಮನೋಹರ್ ಪ್ರಮಾಣಪತ್ರವನ್ನು ಎರಡು ಸಲ ಓದಿದ, ಮೊಹರನ್ನು ಬೆಳಕಿಗೆ ಹಿಡಿದು ನೋಡಿದ.

“ಮೂಗು ನೆಟ್ಟಗೈತೆ ಅಂತ ಸರ್ಕಾರವೇ ಬರ್ದುಬುಟ್ಟೈತೆ. ಹಂಗಂದ್ರೆ ಮಿಷನ್ನೇ ವಾಲೈತೆ.”

ಸ್ಕ್ರೂ ಸಡಿಲಿಸಿ, ಅವಳನ್ನು ಗುರುತು ಹಿಡಿಯುವವರೆಗೂ ಮಿಷನ್ನನ್ನು ವಾಲಿಸಿದರು. ಬಾಗಿಲು ತೆರೆಯಿತು. ಭಾನುಪ್ರಿಯಳಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಉಳಿದ ಎಂಟುನೂರು ಜನ ಹೊರಗೇ ನಿಂತರು. ಕತ್ತು ಬಾಗಿಸಿ ಕೆಲವರು ನುಸುಳಿದರು. ವಾರದಲ್ಲಿ ಅವರಿಗೂ ಕತ್ತು ಉಳುಕಿತು. ಕೊನೆಗೆ ಆಡಳಿತ ಮಂಡಳಿ, ಯೂನಿಯನ್ನು, ಘಟಕ ಮೂರೂ ಸೇರಿ ಮಾನವೀಯ ನೆಲೆಯಲ್ಲಿ ಒಪ್ಪಂದ ಮಾಡಿಕೊಂಡವು. ಎಲ್ಲರ ಮೂಗನ್ನೂ ಬಲಗಡೆ ಮಾತ್ರ ಕತ್ತರಿಸುವ ಏಕಪಾರ್ಶ್ವ ವಿಧಾನಕ್ಕೆ ಮಂಜೂರಾತಿ ಸಿಕ್ಕಿತು. ಡಾಕ್ಟರ್ ಶಶಿಕಿರಣ್ ಒಂದು ದಿನ ರಜೆ ಹಾಕಿ, ಎರಡನೆಯ ದಿನ ಸಹಿ ಹಾಕಿದರು.

ಸಾಲಿನಲ್ಲಿ ಮೊದಲು ಕೂತಿದ್ದವಳು ಪ್ಯಾಕಿಂಗಿನ ಮುನಿಯಮ್ಮ. ಅವಳದು ಸಂಪಿಗೆ ಎಸಳಿನಂಥ ಮೂಗು. ಧೈರ್ಯ ಹೇಳಲು ಬಂದಿದ್ದ ಭಾನುಪ್ರಿಯಳ ಕೈ ಹಿಡಿದುಕೊಂಡಳು.

“ನಿನ್ನಂಗೇ ಆಯ್ತದಾ ಕಣವ್ವ? ಅಪ್ಪಿತಪ್ಪಿ ನೆಟ್ಟಗೆ ಕೂರಿಸ್ಬುಟ್ರೆ ಏನ್ ಗತಿ?”

“ಹಂಗೆಲ್ಲ ಮಾಡಾಕಿಲ್ಲ ಕಣಕ್ಕ,” ಅಂದಳು ಭಾನುಪ್ರಿಯ. “ಡಾಕ್ಟ್ರು ಒಳ್ಳೆಯವ್ರು.”