ಚ್ಯಾಪ್ ಆದ ಸಿದ್ದಲಿಂಗೇಶ ಕಾಕಾ

ಕೇಳ್ರಿ, ಜಲನಗರದ ನಮ್ಮ ಸಿದ್ದಲಿಂಗೇಶ ಕಾಕಾಗ ಒಂದ ಆಸೆ ಇತ್ತು. ಹೇಣ್ತಿ ಬಾಯಿಲೆ ತನ್ನ ಹೆಸರ ಒಮ್ಮೆ ಕೇಳಬೇಕು. (ಬಂಗಲೆ ಅಲ್ಲ, ಕಾರ ಅಲ್ಲ, ಬರೇ ಹೆಸರು!) ಲಗ್ನದಾಗ ವಿಜಯಲಕ್ಷ್ಮೀ ಕಾಕು ಪ್ರಾಸ ಕಟ್ಟಿ ಒಡಪ ಹಾಕಿ ಗಂಡನ ಹೆಸರ ಹೇಳಿದ್ಲಂತ. ಅದ ಹೊತ್ತಿಗೆ ಬ್ಯಾಂಡಿನವ ಡೋಲ ಬಡದ, ಕಾಕಾಗ ಏನೂ ಕೇಳಲಿಲ್ಲ. ಅವತ್ತಿಂದ ಇಪ್ಪತ್ತೆರಡ ವರ್ಷ ಬರೇ "ಏನ್ರಿ". ಸೊಲ್ಲಾಪುರ ರಸ್ತೆದಾಗ ಆಕಿ "ಏನ್ರೀ" ಅಂದ್ರ ಹನ್ನೆರಡ ಗಂಡಸರು ಹೊಳ್ಳಿ ನೋಡ್ತಿದ್ರು!

ಮಗಳು ಐಶ್ವರ್ಯಾ ಮಾತ್ರ ಫೋನಿನ್ಯಾಗ ಕಂಡಕಂಡವ್ರಿಗೆಲ್ಲ "ಡ್ಯೂಡ್", "ಬ್ರೋ" ಅಂತಿದ್ಲು. ಕಾಕಾಗ ಹೊಟ್ಟಿ ಉರೀತು.

"ಯವ್ವಾ, ಹೆಸರಂತೂ ಹೇಳೂದಿಲ್ಲ, ನಿಮ್ಮವ್ವ ನನಗ ಡ್ಯೂಡ್ ಅಂದ್ರ ಹೆಂಗ?"

"ಬ್ಯಾಡ ಪಪ್ಪಾ! ಮೊದಲ ಅತೀ ಶೋಕಿ ಮಾಡಾವ್ರನ್ನ ಚಾಷ್ಟಿ ಮಾಡಾಕ ಹಂಗ ಅಂತಿದ್ರಂತ."

ಕಾಕಾ ತನ್ನ ಬನಿಯನ್ನಿನ ತೂತ ನೋಡ್ಕೊಂಡ. "ನನಗ ಒಪ್ಪೂದಿಲ್ಲ ಬಿಡು. 'ಗೈ' ಅಂದ್ರ ಹೆಂಗ?"

"ಇಂಗ್ಲೆಂಡಿನ್ಯಾಗ ವರ್ಷಾ ಒಂದ ಬೊಂಬಿ ಮಾಡಿ ಸುಡ್ತಾರ, ಅದರ ಹೆಸರದು. ಮುಂದ ಹರಕ ಅರಿವಿ ಹಾಕಿದವ್ರಿಗೆ ಅಂದ್ರು, ಆಮ್ಯಾಲ ಎಲ್ಲಾ ಗಂಡಸ್ರಿಗೂ."

ಕಾಕಾ ಗಡಬಡಿಸಿ ತೂತ ಮುಚ್ಕೊಂಡ. "ಸುಡೂದಾ? ನಿಮ್ಮವ್ವಗ ಹೇಳಬ್ಯಾಡ!"

"ಹಂಗಾರ ಚ್ಯಾಪ್ ತಗೋ. ಮೊದಲ ವ್ಯಾಪಾರಸ್ಥರಿಗೆ ಚ್ಯಾಪ್‌ಮನ್ ಅಂತಿದ್ರು, ಅದರ ತುಂಡು ಅದು."

ತಿಕೋಟಾದಾಗ ಒಣದ್ರಾಕ್ಷಿ ವ್ಯಾಪಾರ ಮಾಡೂ ಕಾಕಾನ ಎದಿ ಉಬ್ಬಿತು. ಕಾಕೂನ ಕರದು ಹಂಗ ಕರಿ ಅಂದ.

"ಹಂಗಂದ್ರ ನಿಮ್ಮ ಆಯುಷ್ಯ ಕಡಿಮಿ ಆಗೂದಿಲ್ಲಲ್ರಿ?" ಅಂದ್ಲು ಕಾಕು.

"ಇಂಗ್ಲಿಷಿನ್ಯಾಗ ಆಗೂದಿಲ್ಲ ಬಿಡು."

ಎಂಟ ದಿನ ತಾಲೀಮು ನಡೀತು. "ಚ್ಯಾಪ್, ಚಾ ಆರಾಕತ್ತೈತ್ರಿ!" (ರಿ ಮಾತ್ರ ಬಿಡಲಿಲ್ಲ ನೋಡ್ರಿ.)

ಒಂಬತ್ತನೇ ದಿನ ಬಾಜೂ ಮನಿ ಬಸರಿ ಸಂಘಮಿತ್ರಾನ ಕುಬಸ (ಸೀಮಂತ ಅನ್ರಿ). ಆರತಿ ಮುಗಿದಿದ್ದ ತಡ, ಹೆಂಗಸರು ಕಾಕೂನ ಹಿಡದ್ರು. ಕಾಶಿಬಾಯಿ ಅಜ್ಜಿ ಅಂದ್ಲು: "ಒಡಪ ಹಾಕಿ ಗಂಡನ ಹೆಸರ ಹೇಳವಾ, ಹಂಗ ಬಿಡಾವ್ರಲ್ಲ!"

ಹೊರಗ ಊಟಕ್ಕ ಕುಂತಿದ್ದ ಕಾಕಾ ತುತ್ತ ಬಿಟ್ಟ ಎದ್ದ. ಫ್ಯಾನ ಬಂದ ಮಾಡಿದ. ಸ್ಪೀಕರಿನ ವೈರ ಕಿತ್ತ. ಅಳೂ ಕೂಸಿನ ಕೈಯಾಗ ಲಾಡು ಕೊಟ್ಟ. ಬಾಗಲ ಮರಿಗೆ ಉಸರ ಹಿಡದ ನಿಂತ.

ಕಾಕು ಸೆರಗ ಸರಿ ಮಾಡ್ಕೊಂಡ್ಲು:

"ತಿಕೋಟಾದ ತ್ವಾಟದಾಗ ದ್ರಾಕ್ಷಿಗೊನಿ ನೂರಾರು,
ಚ್ಯಾಪ್‌ರ ಹೆಸರ ಹೇಳೇನಿ, ಕೇಳ್ರೆವಾ ಎಲ್ಲಾರು!"

ಕಾಶಿಬಾಯಿ ಅಜ್ಜಿ ಕಣ್ಣ ಅಗಲ ಮಾಡಿದ್ಲು. "ಇವ ಯಾರ ಯವ್ವಾ? ಸಿದ್ದಲಿಂಗೇಶ ಎಲ್ಲಿ ಹ್ವಾದ?"

ಮನಿಗೆ ಬರೂಮುಂದ ಕಾಕಾ ಅಳು ಮಾರಿ ಮಾಡಿದ. "ಇವತ್ತರೆ ನನ್ನ ಹೆಸರ ಹೇಳಬಾರದಾಗಿತ್ತೇನ?"

"ಎಂಟ ದಿನ ಬಾಯಿಪಾಠ ಮಾಡ್ಸಿದವ್ರು ನೀವ ಅಲ್ಲೇನ್ರಿ? ಬಾಯಿಗೆ ಅದ ಬಂತು. ಹೋಗ್ಲಿ, ಐಶ್ವರ್ಯಾನ ಕುಬಸದಾಗ ಹೇಳ್ತೀನಿ ಬಿಡ್ರಿ."

ಐಶ್ವರ್ಯಾ ಇನ್ನೂ ಪಿಯುಸಿ ಫಸ್ಟ್ ಇಯರ್ ಅದಾಳ್ರಿ. ಕಾಕಾ ಈಗಿಂದನ ಕಿವಿಗೆ ಎಣ್ಣಿ ಬಿಟ್ಕೊಳ್ಳಾಕತ್ತಾನ.